ನಗರದ ನೆಲಕ್ಕೆ ಒಡೆಯರಾರು? : ಮುಂಬಯಿಯ ಇಂಪ್ರೂವ್‌ಮೆಂಟ್ ಟ್ರಸ್ಟಿನ ಚರಿತ್ರೆ

ಮನೆಯೊಂದರಲ್ಲಿ ಗೋಡೆಯನ್ನು ಎಬ್ಬಿಸುವವನು ಒಬ್ಬ, ಮಾಳಿಗೆ ಸೋರಿದರೆ ನೋಡತಕ್ಕವನು ಮತ್ತೊಬ್ಬ, ಬಾಡಿಗೆಯನ್ನು ಎಣಿಸಿಕೊಳ್ಳುವವನು ಮೂರನೆಯವನು ಎಂದಾದರೆ ಆ ಮನೆಯ ಗತಿ ಏನಾದೀತೆಂಬುದನ್ನು ತಿಳಿಯಲು ಶಾಸ್ತ್ರವನ್ನು ಓದಬೇಕಾಗಿಲ್ಲ. ಮಳೆಗಾಲವು ಬಂದಾಗ ಮೂವರೂ ಒಬ್ಬರ ಮುಖವನ್ನೊಬ್ಬರು ನೋಡುವರು. ನೆನೆಯುವವನು ಮಾತ್ರ ಒಳಗೆ ಮಲಗಿದ್ದವನು. ನಗರವೂ ಒಂದು ದೊಡ್ಡ ಮನೆಯೇ. ಅದಕ್ಕೆ ಸೇರಿದ ನೆಲ, ಬೀದಿ, ಪೇಟೆಯ ಕಟ್ಟಡ, ಬಡವರಿಗಾಗಿ ಎಬ್ಬಿಸಿದ ಚಾಳು ಇವುಗಳ ಒಡೆತನವು ಒಂದು ಕಡೆ, ಕಟ್ಟುವ ಅಧಿಕಾರವು ಮತ್ತೊಂದು ಕಡೆ, ಕಾಪಾಡುವ ಹೊಣೆಯು ಇನ್ನೊಂದು ಕಡೆ ಇದ್ದರೆ ಆಗತಕ್ಕುದೇನು? ಇವೆಲ್ಲವನ್ನೂ ಒಂದೇ ಕೈಗೆ ಕೊಟ್ಟುಬಿಟ್ಟರೆ ಆಗತಕ್ಕುದೇನು? ಈ ಎರಡು ಪ್ರಶ್ನೆಗಳನ್ನೂ ಮುಂಬಯಿ ನಗರವು ತನ್ನ ಮೈಮೇಲೆಯೇ ಪರೀಕ್ಷೆಮಾಡಿ ನೋಡಿದೆ. ಆ ಪರೀಕ್ಷೆಯ ವೃತ್ತಾಂತವನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಮುಂಬಯಿಯ ಮುನಿಸಿಪಾಲಿಟಿಯ ಮಾತು ನಮಗೇಕೆಂದು ವಾಚಕರು ಕೇಳಬಹುದು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಈ ನಾಲ್ಕು ಜಿಲ್ಲೆಗಳು ೧೯೫೬ರ ವರೆಗೂ ಮುಂಬಯಿಯ ಆಡಳಿತಕ್ಕೇ ಸೇರಿದ್ದುವು. ನಮ್ಮ ಊರುಗಳ ಪುರಸಭೆಗಳಿಗೆ ಕಾಯಿದೆಗಳು ಅಲ್ಲಿಂದಲೇ ಬರುತ್ತಿದ್ದುವು. ಹೊಟ್ಟೆಯ ಪಾಡಿಗಾಗಿ, ವಿದ್ಯೆಗಾಗಿ ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರಿಗೆ ಲೆಕ್ಕವಿಲ್ಲ. ಇದಕ್ಕಿಂತ ಹೆಚ್ಚಾಗಿ, ಮುಂಬಯಿಯಲ್ಲಿ ನಡೆದ ಏರ್ಪಾಡನ್ನೇ ಸ್ವಲ್ಪ ಹೆಚ್ಚುಕಡಮೆಯಾಗಿ ಮೈಸೂರೂ ಬೆಂಗಳೂರೂ ಅನುಸರಿಸಿದುವು. ಆದುದರಿಂದ ಈ ಕಥೆಯು ದೂರದ್ದೆಂದು ತೋರಿದರೂ ಅದರ ಫಲವು ನಮ್ಮ ಬೀದಿಯ ವರೆಗೂ ಬಂದಿದೆ.

ಒಂದು ಕೈಯೋ ಹಲವು ಕೈಗಳೋ ಎಂಬ ವಿವಾದವು ಮುಂಬಯಿಗೆ ಹಳೆಯದು. ೧೮೫೮ರಲ್ಲಿ ನಗರದ ಆಡಳಿತವನ್ನು ಮೂವರು ಕಮಿಶನರರಿಗೆ ವಹಿಸಿದರು. ಮೂವರೂ ಸಮಾನರು, ಆದಕಾರಣ ಯಾವ ಕೆಲಸಕ್ಕೂ ಮೂವರಲ್ಲಿ ಯಾರೊಬ್ಬರೂ ಹೊಣೆಯಲ್ಲ. ಬಹು ಜನರ ನಡುವೆ ಹಾವು ಸಾಯದೆಂಬ ಗಾದೆಯು ಅಲ್ಲಿ ನಿಜವಾಯಿತು. ೧೮೬೫ರ ಕಾಯಿದೆಯಿಂದ ಆ ವ್ಯವಸ್ಥೆಯನ್ನು ತೆಗೆದುಹಾಕಿ, ಕಾರ್ಯನಿರ್ವಾಹದ ಅಧಿಕಾರವನ್ನೆಲ್ಲ ಒಬ್ಬನೇ ಕಮಿಶನರನಿಗೆ ಕೊಟ್ಟರು. ಆ ಪದವಿಗೆ ಮೊದಲು ಬಂದವರು ಆರ್ಥರ್ ಕ್ರಾಫರ್ಡರು. ಅವರು ಸಮರ್ಥರು, ಸಾಹಸಿಗಳು. ಬೀದಿಗಳನ್ನು ಅಗಲಮಾಡಿಸಿದರು, ಹೊಲಸನ್ನು ಹೊರಹಾಕಿಸಿದರು. ೧೮೬೯ರಲ್ಲಿ ಪೂರ್ತಿಯಾದ ದೊಡ್ಡ ಮಾರುಕಟ್ಟೆಯು ಬಹುಕಾಲ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದ್ದಿತು. ಆದರೆ ಮಾಡುವ ಕೈಯನ್ನು ತಡೆದು ಲೆಕ್ಕ ಕೇಳುವ ಇನ್ನೊಂದು ಕೈ ಇರಲಿಲ್ಲ. ಸಾಲವು ಬೆಳೆಯಿತು, ಕರವನ್ನು ತೆರುವ ನಾಗರಿಕರು ೧೮೭೧ರಲ್ಲಿ ಗದ್ದಲವೆಬ್ಬಿಸಿದರು. ಮರುವರ್ಷದ ಕಾಯಿದೆಯಿಂದ ೬೪ ಜನ ಸದಸ್ಯರ ಕಾರ್ಪೊರೇಶನ್ನು ಹುಟ್ಟಿತು. ಅವರಲ್ಲಿ ಅರ್ಧ ಮಂದಿಯನ್ನು ಕರ ಕೊಡುವವರು ಚುನಾಯಿಸತಕ್ಕುದೆಂದಾಯಿತು. ಕಮಿಶನರನು ಒಬ್ಬನೇ ಉಳಿದನು. ಹಣದ ಗಂಟಿನ ದಾರವು ಮಾತ್ರ ಸಭೆಯ ಕೈಗೆ ಬಂದಿತು. ಫಿರೋಜಶಹಾ ಮೆಹತಾ ಅವರಂಥ ಮುಂದಾಳುಗಳು ಬೆಳೆದುದು ಈ ಸಭೆಯಲ್ಲಿಯೇ. ೧೮೮೮ರ ಕಾಯಿದೆಯು ಅದರ ಅಧಿಕಾರವನ್ನು ಇನ್ನಷ್ಟು ಗಟ್ಟಿಮಾಡಿತು. ಮಾಡುವವನು ಒಬ್ಬನಿರಲಿ, ಲೆಕ್ಕ ಕೇಳುವವರು ಬೇರೆ ಇರಲಿ ಎಂಬ ಈ ಮೊದಲನೆಯ ಪಾಠವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಮುಂಬಯಿಯು ಅದನ್ನು ಎರಡು ಸಲ ಮರೆತು ಎರಡು ಸಲವೂ ದಂಡ ತೆತ್ತಿತು.

೧೮೯೬ರ ಸಪ್ಟಂಬರ ತಿಂಗಳಲ್ಲಿ ಮಾಂಡವಿಯ ಬಂದರುಗೇರಿಯಲ್ಲಿ ಡಾಕ್ಟರ ವಿಯೇಗಾಸರು ಒಬ್ಬ ರೋಗಿಯನ್ನು ನೋಡಿ ಇದು ಪ್ಲೇಗೆಂದು ಗುರುತಿಸಿದರು. ಮುಂದಿನ ಕಥೆಯು ನಮ್ಮ ಕಡೆಯ ಹಿರಿಯರ ಬಾಯಿಂದ ಬಂದುದೇ ಆಗಿದೆ. ಜನರು ಗುಂಪುಗುಂಪಾಗಿ ನಗರವನ್ನು ಬಿಟ್ಟೋಡಿದರು. ಅವರ ಬೆನ್ನುಹತ್ತಿ ರೈಲಿನ ದಾರಿಯಲ್ಲಿ ರೋಗವೂ ಹೊರಟಿತು. ಹುಬ್ಬಳ್ಳಿ ಧಾರವಾಡಗಳನ್ನು ಹೊಕ್ಕು ೧೮೯೮ರಲ್ಲಿ ಬೆಂಗಳೂರನ್ನು ಮುಟ್ಟಿತು. ೧೮೯೧ರ ಖಾನೇಷುಮಾರಿಯಲ್ಲಿ ೮,೨೧,೭೬೪ ಇದ್ದ ಮುಂಬಯಿಯ ಜನಸಂಖ್ಯೆಯು ೧೯೦೧ರಲ್ಲಿ ೭,೭೬,೦೦೬ಕ್ಕೆ ಇಳಿಯಿತು. ವ್ಯಾಪಾರವೂ ಗಿರಣಿಗಳೂ ಬೆಳೆಯುತ್ತಿದ್ದ ಪಟ್ಟಣದಲ್ಲಿ ಹತ್ತು ವರ್ಷಕ್ಕೆ ಜನರು ಹೆಚ್ಚಬೇಕಾದುದು ಸಹಜ. ಅದು ಕಡಮೆಯಾಯಿತೆಂದರೆ ಆ ಆಘಾತವು ಎಂಥದೆಂಬುದನ್ನು ಊಹಿಸಬಹುದು.

ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುವುದೆಂಬ ಸಂಗತಿಯು ಆಗ ಸಿದ್ಧವಾಗಿರಲಿಲ್ಲ. ಕೊಳಕು, ಕತ್ತಲೆ, ಕೆಟ್ಟ ಗಾಳಿ, ಜನದಟ್ಟಣೆ ಇವೇ ಕಾರಣವೆಂದು ಅಂದಿನ ವೈದ್ಯರು ಬಗೆದಿದ್ದರು. ಕಾರಣವು ಪೂರ್ತಿ ಸರಿಯಲ್ಲದಿದ್ದರೂ ಅವರ ಕಣ್ಣಿಗೆ ಬಿದ್ದ ಕಷ್ಟವು ಸುಳ್ಳಾಗಿರಲಿಲ್ಲ. ಒಂದೇ ಖೋಲಿಯಲ್ಲಿ ಇಡೀ ಸಂಸಾರ. ಹಗಲಿನಲ್ಲಿಯೂ ದೀಪ ಬೇಕಾಗುವ ಒಳಕೋಣೆ. ಎರಡು ಮನೆಗಳ ನಡುವೆ ಭಂಗಿಯೊಬ್ಬನು ಅಡ್ಡಲಾಗಿ ನಡೆಯುವಷ್ಟೇ ಸಂದು. ಆ ಸಂದಿನಲ್ಲಿ ಹರಿಯುವ ಹೊಲಸು. ಇವುಗಳನ್ನು ಕೆಡವಿ ನಗರವನ್ನು ಹೊಸದಾಗಿ ಕಟ್ಟಬೇಕೆಂಬ ನಿರ್ಧಾರವಾಯಿತು. ಆದರೆ ಕಟ್ಟತಕ್ಕವರು ಯಾರು?

ಕಾರ್ಪೊರೇಶನ್ನು ಇದ್ದೇ ಇದ್ದಿತು. ಆದರೂ ಸರಕಾರವು ಆ ಕೆಲಸವನ್ನು ಅದಕ್ಕೆ ಕೊಡಲಿಲ್ಲ. ಚುನಾಯಿತ ಸಭೆಯು ನಿಧಾನವಾದುದು, ಅದರ ಸದಸ್ಯರಲ್ಲಿ ಮನೆಗಳ ಒಡೆಯರೇ ಬಹಳ, ತಮ್ಮ ಮನೆಗಳನ್ನು ತಾವೇ ಕೆಡವುವರೇ ಎಂಬುದು ಸರಕಾರದ ಪಕ್ಷದವರ ವಾದ. ಇದು ಅಲ್ಲಗಳೆಯುವಂಥ ವಾದವೂ ಅಲ್ಲ. ಹೀಗೆ ೧೮೯೮ರಲ್ಲಿ, ಲಾರ್ಡ್ ಸ್ಯಾಂಡ್‌ಹರ್ಸ್ಟರು ಗವರ್ನರರಾಗಿದ್ದಾಗ, ಪ್ರತ್ಯೇಕ ಕಾಯಿದೆಯಿಂದ 'ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್' ಎಂಬ ಮಂಡಲಿಯು ಸ್ಥಾಪಿತವಾಯಿತು. ಹೊಸ ಬೀದಿಗಳನ್ನು ಹಾಕುವುದು, ದಟ್ಟವಾದ ಕೇರಿಗಳನ್ನು ಬಿಡಿಸುವುದು, ಸಮುದ್ರದಿಂದ ನೆಲವನ್ನು ಪಡೆಯುವುದು, ಬಡವರಿಗೂ ಪೋಲೀಸರಿಗೂ ಆರೋಗ್ಯಕರವಾದ ಮನೆಗಳನ್ನು ಕಟ್ಟುವುದು, ಇವು ಅದರ ಕರ್ತವ್ಯಗಳು. ಸರಕಾರಕ್ಕೂ ಕಾರ್ಪೊರೇಶನ್ನಿಗೂ ಸೇರಿದ ಎಷ್ಟೋ ಖಾಲಿ ನೆಲವನ್ನು ಅದರ ಸ್ವಾಧೀನಕ್ಕೆ ಕೊಟ್ಟರು. ಕಾರ್ಪೊರೇಶನ್ನು ತನ್ನ ಕರದ ಉತ್ಪನ್ನದಲ್ಲಿ ವರ್ಷವರ್ಷವೂ ಒಂದು ಪಾಲನ್ನು ತೆರಬೇಕೆಂದು ವಿಧಿಸಿದರು. ಆದರೆ ಮಂಡಲಿಯ ಅಧ್ಯಕ್ಷನನ್ನು ನೇಮಿಸುವವರು ಸರಕಾರದವರು. ಸದಸ್ಯರಲ್ಲಿ ಕಾರ್ಪೊರೇಶನ್ನಿನಿಂದ ಬಂದವರು ಅಲ್ಪಸಂಖ್ಯಾತರು. ಹಣ ಕೊಡುವವರು ಒಬ್ಬರು, ಖರ್ಚುಮಾಡುವವರು ಮತ್ತೊಬ್ಬರು ಎಂಬ ಸ್ಥಿತಿಯು ಹೀಗೆ ಕಾಯಿದೆಯ ಮೂಲಕವೇ ಹುಟ್ಟಿತು.

ಟ್ರಸ್ಟಿನ ಕೆಲಸವನ್ನು ನ್ಯಾಯದೃಷ್ಟಿಯಿಂದ ನೋಡಿದರೆ ಅದು ಅಲ್ಪವಾದುದಲ್ಲ. ಪಡುವಣ ಕಡಲಿನ ಗಾಳಿಯು ನಗರದ ಒಳಗೆ ನುಗ್ಗಲೆಂದು ಪೂರ್ವಪಶ್ಚಿಮವಾಗಿ ಪ್ರಿನ್ಸೆಸ್ ಸ್ಟ್ರೀಟನ್ನೂ ಸ್ಯಾಂಡ್‌ಹರ್ಸ್ಟ್ ರಸ್ತೆಯನ್ನೂ ಕಡಿದು ಹಾಕಿದರು. ನಾಗಪಾಡಾ, ಅಗ್ರಿಪಾಡಾ ಮೊದಲಾದ ಕೇರಿಗಳಲ್ಲಿ ಕೆಡವಿ ಕಟ್ಟಿದರು. ಉತ್ತರದಲ್ಲಿ ಹೊಲಗದ್ದೆಗಳಾಗಿದ್ದ ದಾದರ, ಮಾಟುಂಗಾ, ಶಿವ ಈ ಪ್ರದೇಶಗಳನ್ನು ಕೊಂಡು, ಅಳತೆಯಿಂದ ಬೀದಿಗಳನ್ನು ಬಿಡಿಸಿ, ಗಿಡಗಳನ್ನು ನೆಟ್ಟು, ನಿವೇಶನಗಳನ್ನು ದೀರ್ಘಕಾಲದ ಗುತ್ತಿಗೆಗೆ ಕೊಟ್ಟರು. ಪಾರಸಿಗಳ, ಹಿಂದುಗಳ, ದಕ್ಷಿಣದವರ ವಸತಿಗಳು ಅಲ್ಲಿ ಬೆಳೆದುವು. ಮುಂಬಯಿಯ ಕನ್ನಡಿಗರು ೧೯೨೬ರಲ್ಲಿ ಸ್ಥಾಪಿಸಿದ ಮೈಸೂರು ಅಸೋಸಿಯೇಷನ್ನಿನ ಮನೆಯಿರುವುದೂ ಇದೇ ಮಾಟುಂಗಾದಲ್ಲಿ. ಅಲ್ಲಿಯ ಸಾಲುಮರಗಳ ಕೆಳಗೆ ನಡೆದವರಿಗೆ, ಮೊದಲೇ ಆಲೋಚಿಸಿ ಹಾಕಿದ ಬೀದಿಗೂ ತಾನಾಗಿ ಬೆಳೆದ ಬೀದಿಗೂ ಇರುವ ಭೇದವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಡೆತನವೂ ಕಟ್ಟೋಣವೂ ಒಂದೇ ಕಡೆ ಸೇರಿದುದರ ಪ್ರಯೋಜನವು ಇಲ್ಲಿ ಕಣ್ಣಿಗೆ ಕಾಣುವುದು. ನೆಲವು ಟ್ರಸ್ಟಿನದೇ ಆದುದರಿಂದ ಬೀದಿ, ಬಯಲು, ಮನೆಗಳ ಎತ್ತರ ಇವೆಲ್ಲವೂ ಒಂದೇ ನಕ್ಷೆಯಲ್ಲಿ ಬಂದುವು.

ಆದರೆ ಹಳೆಯ ನಗರದೊಳಗೆ ಕಥೆಯು ಬೇರೆಯಾಯಿತು. ಟ್ರಸ್ಟು ಬೀದಿಯನ್ನು ಹಾಕಿ ಮುಗಿಸಿದ ಮೇಲೆ ಅದನ್ನು ಕಾರ್ಪೊರೇಶನ್ನಿಗೆ ಒಪ್ಪಿಸತಕ್ಕುದು. ಆ ಬಳಿಕ ಕಸ ಗುಡಿಸುವುದು, ದೀಪ ಹಚ್ಚುವುದು, ನೀರು ಕೊಡುವುದು, ತಗ್ಗು ಮುಚ್ಚುವುದು ಕಾರ್ಪೊರೇಶನ್ನಿನ ಪಾಲು. ಹಾಕುವವರಿಗೆ ಕಾಪಾಡುವ ಚಿಂತೆಯಿಲ್ಲ. ಕಾಪಾಡುವವರಿಗೆ ಹಾಕುವಾಗ ಮಾತಿಲ್ಲ. ಇದಕ್ಕಿಂತ ಕಠಿಣವಾದುದು ಮನೆ ಕಳೆದುಕೊಂಡವರ ಪ್ರಶ್ನೆ. ಆರಂಭದ ವರ್ಷಗಳಲ್ಲಿ ಟ್ರಸ್ಟು ಕೆಡವಿದ ಖೋಲಿಗಳು ಹೆಚ್ಚು, ಕಟ್ಟಿದುವು ಕಡಮೆ. ಮನೆಯ ಒಡೆಯನಿಗೆ ಪರಿಹಾರವು ಸಿಕ್ಕಿತು; ಅದು ಸಾಲದೆಂದು ತೋರಿದರೆ ನ್ಯಾಯಮಂಡಲಿಯ ಮುಂದೆ ವಾದಿಸಿ ಹೆಚ್ಚು ಪಡೆಯುವುದಕ್ಕೂ ಅವಕಾಶವಿದ್ದಿತು. ಬಾಡಿಗೆಗಿದ್ದ ಹಮಾಲನಿಗೆ, ಗಿರಣಿಯ ಕೂಲಿಗೆ ಸಿಕ್ಕಿದುದು ಬಯಲು. ಅವನು ಗಂಟುಮೂಟೆಯನ್ನು ಹೊತ್ತು ಪಕ್ಕದ ಕೇರಿಯ ಚಾಳಿಗೆ ಹೋಗಿ ಅಲ್ಲಿಯ ದಟ್ಟಣೆಯನ್ನು ಇನ್ನಷ್ಟು ದಟ್ಟಮಾಡಿದನು. ಒಂದು ಕೇರಿಯ ರೋಗವನ್ನು ತೊಲಗಿಸಲು ಹೋಗಿ ಮತ್ತೊಂದು ಕೇರಿಗೆ ಅದನ್ನು ದಾಟಿಸಿದಂತಾಯಿತು.

ಇದನ್ನು ಟ್ರಸ್ಟಿನವರೇ ಕಾಲಕ್ರಮದಲ್ಲಿ ಕಂಡುಕೊಂಡರು. ೧೯೦೯ರಿಂದ ಮುಂದೆ ಅದರ ಅಧ್ಯಕ್ಷರಾಗಿದ್ದ ಓರ್ ಎಂಬವರು, ಕೇರಿಗಳನ್ನು ಒಮ್ಮೆಗೇ ನೆಲಸಮಮಾಡುವುದಕ್ಕಿಂತ ಹೊರವಲಯದಲ್ಲಿ ಮೊದಲು ಮನೆಗಳನ್ನು ಎಬ್ಬಿಸಬೇಕು, ಒಳಗಿನ ಕೆಟ್ಟ ಮನೆಗಳನ್ನು ಒಂದೊಂದಾಗಿ ತಿದ್ದಬೇಕು ಎಂದು ವಾದಿಸಿದರು. ಪ್ರತಿಯೊಂದು ಕೋಣೆಗೂ ಬೆಳಕು ಸಿಗಲೆಂದು ೬೩½ ಅಂಶದ ಕೋನವೊಂದನ್ನು ಅವರು ನಿಯಮವಾಗಿ ಪ್ರಚಾರಕ್ಕೆ ತಂದರು. ಅದರ ಅರ್ಥವು ಸುಲಭ: ಎದುರಿನ ಗೋಡೆಯು ಎಷ್ಟು ಎತ್ತರವೋ ಅದರಲ್ಲಿ ಅರ್ಧದಷ್ಟಾದರೂ ಬಯಲು ಕಿಟಕಿಯ ಮುಂದೆ ಇರಬೇಕು. ಇಷ್ಟು ಒಳ್ಳೆಯ ನಿಯಮವನ್ನೂ ಟ್ರಸ್ಟು ತನ್ನ ನಿವೇಶನಗಳ ಗುತ್ತಿಗೆದಾರರ ಮೇಲೆ ಹೇರಬಹುದಾಗಿದ್ದಿತೇ ಹೊರತು ನಗರದ ಉಳಿದ ಭಾಗದಲ್ಲಿ ಹೇರುವಂತಿರಲಿಲ್ಲ. ಅಲ್ಲಿ ಮನೆ ಕಟ್ಟುವ ನಿಯಮಗಳು ಕಾರ್ಪೊರೇಶನ್ನಿನವು. ಟ್ರಸ್ಟು ಒಂದು ಕತ್ತಲೆಯ ಕೇರಿಯನ್ನು ಹಣ ಸುರಿದು ಕೆಡವುತ್ತಿರುವಾಗಲೇ, ಆಚೆಯ ಬೀದಿಯಲ್ಲಿ ಹೊಸ ಕತ್ತಲೆಯ ಕೇರಿಯೊಂದು ಕಾರ್ಪೊರೇಶನ್ನಿನ ಪರವಾನಗಿ ಪಡೆದು ಏಳುವುದಕ್ಕೆ ಅಡ್ಡಿಯಿರಲಿಲ್ಲ. ಎರಡು ಕೈಗಳು ಒಂದೇ ಮೈಗೆ ಸೇರದಿದ್ದರೆ ಒಂದು ಕಟ್ಟಿದುದನ್ನು ಮತ್ತೊಂದು ಬಿಚ್ಚುವುದು ಹೀಗೆ.

ಟ್ರಸ್ಟು ಕಟ್ಟಿಸಿದ ಚಾಳುಗಳ ವಿಷಯವಾಗಿ ಒಂದು ಮಾತನ್ನು ಇಲ್ಲಿ ಹೇಳದಿರಲಾಗದು. ಪರೇಲಿನಲ್ಲಿ ಅದಕ್ಕೆ ಸೇರಿದ ಒಂದನೆಯ ನಂಬರಿನ ಚಾಳಿದೆ. ಅದರ ಎರಡನೆಯ ಅಂತಸ್ತಿನ ೫೦, ೫೧ನೆಯ ಖೋಲಿಗಳಲ್ಲಿ ೧೯೧೨ರಿಂದ ೧೯೩೪ರ ವರೆಗೆ ಡಾಕ್ಟರ ಅಂಬೇಡಕರರ ಸಂಸಾರವು ನಡೆಯಿತು. ಕೂಲಿಕಾರರು ನೆರೆಹೊರೆಯಾಗಿದ್ದ ಆ ಎರಡು ಖೋಲಿಗಳಲ್ಲಿ, ಮುಂದೆ ದೇಶದ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾದ ಮಹನೀಯರು ರಾತ್ರಿಗಳನ್ನು ಓದಿನಲ್ಲಿ ಕಳೆದರು. ನಗರದ ಸ್ವತ್ತೆಂದರೆ ಕೇವಲ ಕಲ್ಲುಸುಣ್ಣವಲ್ಲ, ಅದರೊಳಗೆ ಉಸಿರಾಡುವ ಜೀವಗಳ ಭಾಗ್ಯವೂ ಹೌದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಮೊದಲನೆಯ ಮಹಾಯುದ್ಧವು ಮುಗಿಯುವ ಹೊತ್ತಿಗೆ ಮುಂಬಯಿಯಲ್ಲಿ ಮನೆಗಳ ಬರವು ವಿಪರೀತವಾಯಿತು. ಆಗ ಗವರ್ನರರಾಗಿ ಬಂದ ಸರ್ ಜಾರ್ಜ್ ಲಾಯ್ಡರಿಗೆ ಕಾರ್ಪೊರೇಶನ್ನೂ ನಿಧಾನವೆಂದು ತೋರಿತು, ಟ್ರಸ್ಟೂ ನಿಧಾನವೆಂದು ತೋರಿತು. ೧೯೨೦ರಲ್ಲಿ ಅವರು ಡೆವಲಪ್‌ಮೆಂಟ್ ಇಲಾಖೆಯೆಂಬ ಮೂರನೆಯದೊಂದನ್ನು ನೇರವಾಗಿ ಸರಕಾರದ ಕೆಳಗೆ ಸ್ಥಾಪಿಸಿದರು. ಇದ್ದ ಎರಡು ಕೈಗಳನ್ನು ಕೂಡಿಸುವ ಬದಲು ಮೂರನೆಯ ಕೈಯನ್ನು ಹಚ್ಚಿದಂತಾಯಿತು. ನಗರಕ್ಕೆ ಬರುವ ಹತ್ತಿಯ ಬೇಲಿಗೆ ಒಂದು ರೂಪಾಯಿಯಂತೆ ಸುಂಕವನ್ನು ವಿಧಿಸಿ, ಕೂಲಿಕಾರರಿಗಾಗಿ ೫೦,೦೦೦ ಖೋಲಿಗಳನ್ನು ಕಟ್ಟುವೆವೆಂದು ಸಾರಿದರು. ವರಳಿ, ನಾಯಗಾಂವ, ಶಿವಡಿ, ಡಿಲಾಯಿಲ್ ರಸ್ತೆ ಈ ನಾಲ್ಕು ಕಡೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಕಟ್ಟಡಗಳು ಎದ್ದುವು. ಖೋಲಿಗಳು ಸುಮಾರು ಹದಿನಾರು ಸಾವಿರಕ್ಕೆ ನಿಂತುವು. ಇಷ್ಟು ಬರದಲ್ಲಿಯೂ ಅವುಗಳಲ್ಲಿ ಬಹಳಷ್ಟು ಮೊದಮೊದಲು ಖಾಲಿ ಬಿದ್ದಿದ್ದುವೆಂಬುದು ಆಶ್ಚರ್ಯವಲ್ಲವೇ? ಕಾಂಕ್ರೀಟಿನ ಗೋಡೆ, ಗಾಳಿಬೆಳಕಿಗೆ ಸಾಲದ ಸಂದುಗಳು, ನೀರಿನ ಅಭಾವ, ಕೆಲಸದ ಸ್ಥಳಕ್ಕೆ ದೂರ, ಇವುಗಳನ್ನು ಕಂಡು ಕೂಲಿಕಾರನು ಹಿಂದೆಗೆದನು. ಮನೆಯನ್ನು ಕಟ್ಟುವ ಮೊದಲು ಇರತಕ್ಕವನನ್ನು ಕೇಳುವ ಪದ್ಧತಿಯು ಆ ಇಲಾಖೆಗಿರಲಿಲ್ಲ.

ಬ್ಯಾಕ್ ಬೇ ಎಂಬ ಕೊಲ್ಲಿಯ ಕಥೆಯು ಇದಕ್ಕಿಂತ ದೊಡ್ಡದು. ನಗರದ ಪಡುವಣ ದಂಡೆಯಲ್ಲಿ ಗೋಡೆಯನ್ನು ಕಟ್ಟಿ, ಸಮುದ್ರದ ತಳದ ಮಣ್ಣನ್ನು ಯಂತ್ರದಿಂದ ಬಗೆದು ತುಂಬಿ, ೧,೧೪೫ ಎಕರೆ ಹೊಸ ನೆಲವನ್ನು ಪಡೆಯಬೇಕೆಂದು ಅದೇ ಇಲಾಖೆಯು ಹೊರಟಿತು. ಯಂತ್ರವು ನಿರೀಕ್ಷಿಸಿದಷ್ಟು ಮಣ್ಣನ್ನು ಎತ್ತಲಿಲ್ಲ. ತುಂಬಿದ ಕೆಸರು ಗೋಡೆಯ ಸಂದುಗಳಿಂದ ಸೋರಿ ಸಮುದ್ರಕ್ಕೇ ಮರಳಿತು. ವೆಚ್ಚದ ಅಂದಾಜು ಮಾತ್ರ ಏರುತ್ತ ಹೋಯಿತು. ಯೋಜನೆಯನ್ನು ಮಾಡಿದವರು, ನಡೆಯಿಸಿದವರು, ಕೆಲಸವನ್ನು ಅಳೆದವರು, ಹಣ ಕೊಟ್ಟವರು ಎಲ್ಲರೂ ಒಂದೇ ಸರಕಾರದ ಸೂರಿನ ಕೆಳಗಿದ್ದುದರಿಂದ ಸೋರಿಕೆಯು ಬಹುಕಾಲ ಹೊರಗೆ ಬೀಳಲಿಲ್ಲ. ಕೆ. ಎಫ್. ನರೀಮನ್ನರು ಅದನ್ನು ಶಾಸನಸಭೆಯಲ್ಲಿಯೂ ಬಹಿರಂಗದಲ್ಲಿಯೂ ಎತ್ತಿಹಿಡಿದರು. ಅದಕ್ಕಾಗಿ ಅವರ ಮೇಲೆ ಮಾನನಷ್ಟದ ಖಟ್ಲೆಯು ನಡೆದು ಅವರು ನಿರ್ದೋಷಿಗಳೆಂದು ತೀರ್ಪಾಯಿತು. ೧೯೨೬ರಲ್ಲಿ ವಿಚಾರಣಾ ಸಮಿತಿಯೊಂದನ್ನು ನೇಮಿಸಬೇಕಾಯಿತು. ಸರ್ ಗ್ರಿಮ್‌ವುಡ್ ಮಿಯರ್ಸರು ಅದರ ಅಧ್ಯಕ್ಷರು. ಸದಸ್ಯರಲ್ಲಿ ಒಬ್ಬರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ತಾವೇ ಅಣೆಕಟ್ಟುಗಳನ್ನು ಕಟ್ಟಿಸಿದ್ದ ಎಂಜಿನಿಯರರು, ಮತ್ತೊಬ್ಬರು ಕಟ್ಟಿದ ಗೋಡೆಯ ಲೆಕ್ಕವನ್ನು ನೋಡಲು ಕುಳಿತರು. ಬಯಸಿದ ನೆಲದಲ್ಲಿ ಅರ್ಧಕ್ಕಿಂತ ಕಡಮೆಯಷ್ಟನ್ನು ಮಾತ್ರ ಪಡೆದು ಆ ಸಾಹಸವನ್ನು ಅಲ್ಲಿಗೆ ನಿಲ್ಲಿಸಿದರು. ಇಂದು ಮರೀನ್ ಡ್ರೈವಿನ ದಂಡೆಯಲ್ಲಿ ಸಂಜೆಯ ಗಾಳಿಗೆ ಕುಳಿತುಕೊಳ್ಳುವವರಲ್ಲಿ ಆ ಸೋರಿದ ಗೋಡೆಯ ಕಥೆಯನ್ನು ಬಲ್ಲವರು ಎಷ್ಟು ಮಂದಿಯೋ!

ಇಷ್ಟು ಪೆಟ್ಟುಗಳನ್ನು ತಿಂದ ಮೇಲೆ ಕೂಡಿಸುವ ವಿಚಾರವು ಬಲಗೊಂಡಿತು. ಈ ನಡುವೆ ಕಾರ್ಪೊರೇಶನ್ನೂ ಮೊದಲಿನಂತೆ ಉಳಿದಿರಲಿಲ್ಲ. ೧೯೨೨ರ ಕಾಯಿದೆಯಿಂದ ತಿಂಗಳಿಗೆ ಹತ್ತು ರೂಪಾಯಿ ಬಾಡಿಗೆ ಕೊಡುವವರಿಗೂ ಮತವು ಬಂದಿದ್ದಿತು. ಮನೆಯ ಒಡೆಯರ ಸಭೆಯೆಂಬ ಹಳೆಯ ಆಕ್ಷೇಪವು ಅಷ್ಟರಮಟ್ಟಿಗೆ ಸಡಿಲವಾಯಿತು. ೧೯೨೫ರ ಕಾಯಿದೆಯು ಟ್ರಸ್ಟನ್ನು ಕಾರ್ಪೊರೇಶನ್ನಿನ ಕಡೆಗೆ ವರ್ಗಾಯಿಸುವ ದಾರಿಯನ್ನು ತೆರೆಯಿತು. ೧೯೩೩ರಲ್ಲಿ ಆ ಕಾರ್ಯವು ಪೂರ್ತಿಯಾಯಿತು. ಟ್ರಸ್ಟಿನ ನೆಲ, ಚಾಳು, ಗುತ್ತಿಗೆಯ ಕಾಗದ, ಸಾಲ ಇವೆಲ್ಲವೂ ಕಾರ್ಪೊರೇಶನ್ನಿಗೆ ಬಂದುವು. ಅವುಗಳನ್ನು ನೋಡಿಕೊಳ್ಳುವುದಕ್ಕೆ ಸಭೆಯ ಸದಸ್ಯರಿಂದಲೇ 'ಇಂಪ್ರೂವ್‌ಮೆಂಟ್ಸ್ ಕಮಿಟಿ' ಎಂಬ ಶಾಸನಬದ್ಧವಾದ ಸಮಿತಿಯು ಏರ್ಪಟ್ಟಿತು. ನೆಲ ಕೊಳ್ಳುವವರು, ಬೀದಿ ಹಾಕುವವರು, ಬೀದಿ ಗುಡಿಸುವವರು, ಮನೆಯ ಪರವಾನಗಿ ಕೊಡುವವರು, ಬಾಡಿಗೆ ಎತ್ತುವವರು, ಮೂವತ್ತೈದು ವರ್ಷಗಳ ಬಳಿಕ ಇವರೆಲ್ಲರೂ ಒಂದೇ ಮನೆಯವರಾದರು. ತಕರಾರನ್ನು ಹೊತ್ತುಕೊಂಡು ಬಂದ ಬಾಡಿಗೆದಾರನಿಗೆ 'ಇದು ನಮ್ಮದಲ್ಲ, ಅವರದು' ಎಂದು ಹೇಳುವ ಬಾಯಿಗೆ ಕಾಯಿದೆಯ ಮಟ್ಟಿಗಾದರೂ ಬೀಗ ಬಿದ್ದಿತು. ೧೯೪೮ರಲ್ಲಿ ಪ್ರಾಯಬಂದ ಎಲ್ಲರಿಗೂ ಕಾರ್ಪೊರೇಶನ್ನಿನ ಮತವು ಬಂದಾಗ, ಆ ಚಾಳುಗಳಲ್ಲಿ ವಾಸಿಸುವವರೇ ಅವುಗಳ ಒಡೆಯರನ್ನು ಆರಿಸುವಂತಾಯಿತು.

ಇಲ್ಲಿಗೆ ಕಥೆಯನ್ನು ಮುಗಿಸಿ ಶುಭಂ ಎಂದು ಬರೆಯಬಹುದಾಗಿದ್ದಿತು. ಸತ್ಯವು ಹಾಗೆ ಬಿಡುವುದಿಲ್ಲ. ಒಂದನೆಯದಾಗಿ, ಕೂಡಿಸಿದುದು ಕೂಡಿಯೇ ಉಳಿಯಲಿಲ್ಲ. ಡೆವಲಪ್‌ಮೆಂಟ್ ಇಲಾಖೆಯ ಚಾಳುಗಳು ಸರಕಾರದ ಕೈಯಲ್ಲಿಯೇ ಉಳಿದುವು. ಹೀಗೆ ಒಂದೇ ನಗರದಲ್ಲಿ, ಒಂದೇ ವರ್ಗದ ಜನರಿಗಾಗಿ ಕಟ್ಟಿದ ಎರಡು ಬಗೆಯ ಚಾಳುಗಳಿಗೆ ಎರಡು ಬಗೆಯ ಒಡೆಯರು. ಪೂರ್ವದ ದಂಡೆಯ ವಿಸ್ತಾರವಾದ ನೆಲವು ೧೮೭೩ರಿಂದಲೂ ಬಂದರಿನ ಮಂಡಲಿಯದು. ೧೯೪೮ರಲ್ಲಿ ಮನೆಗಳಿಗಾಗಿ ಪ್ರತ್ಯೇಕ ಹೌಸಿಂಗ್ ಬೋರ್ಡು ಬಂದಿತು. ೧೯೭೫ರಲ್ಲಿ ಮಹಾನಗರಕ್ಕೆ ಒಂದು ಪ್ರಾಧಿಕಾರ, ೧೯೭೭ರಲ್ಲಿ ಮನೆಗಳಿಗೆ ಮತ್ತೊಂದು, ೧೯೯೫ರ ಸುಮಾರಿಗೆ ಗುಡಿಸಲುಗೇರಿಗಳಿಗೆ ಇನ್ನೊಂದು. ಪ್ರತಿಯೊಂದು ಸಲವೂ ೧೮೯೮ರ ವಾದವೇ ಹೊಸ ಬಟ್ಟೆಯುಟ್ಟು ಬಂದಿತು: ಚುನಾಯಿತ ಸಭೆಯು ನಿಧಾನವಾದುದು, ಬೇರೊಂದು ಮಂಡಲಿಯಾದರೆ ಬೇಗ.

ಎರಡನೆಯದಾಗಿ, ಹೆಸರಿಗೆ ಒಂದಾದುದೆಲ್ಲವೂ ಕೆಲಸದಲ್ಲಿ ಒಂದಾಗುವುದಿಲ್ಲ. ೨೦೧೩ನೆಯ ಇಸವಿ ಸಪ್ಟಂಬರ ೨೭ನೆಯ ತಾರೀಖಿನ ಬೆಳಗ್ಗೆ ಮಾಝಗಾಂವದಲ್ಲಿ ಕಾರ್ಪೊರೇಶನ್ನಿನ ಒಂದು ಕಟ್ಟಡವು ಕುಸಿದು ೬೧ ಜನರು ಸತ್ತರು. ಕಟ್ಟಡವು ಕಾರ್ಪೊರೇಶನ್ನಿನದೇ, ಮೇಲಿನ ಅಂತಸ್ತುಗಳಲ್ಲಿದ್ದವರು ಅದರ ನೌಕರರ ಕುಟುಂಬದವರೇ, ನೆಲದ ಅಂತಸ್ತನ್ನು ಗೋದಾಮಿಗಾಗಿ ಬಾಡಿಗೆಗೆ ಕೊಟ್ಟಿದ್ದವರೂ ಅವರೇ. ಒಡೆಯನೂ ಕಾಪಾಡತಕ್ಕವನೂ ಬಾಡಿಗೆ ಎತ್ತುವವನೂ ಪರೀಕ್ಷಿಸತಕ್ಕವನೂ ಕಾಯಿದೆಯಲ್ಲಿ ಒಬ್ಬನೇ ಆಗಿದ್ದರೂ ಆ ಗೋಡೆಯು ನಿಲ್ಲಲಿಲ್ಲ. ಒಂದೇ ಸೂರಿನ ಕೆಳಗೆ ಹತ್ತು ಮೇಜುಗಳನ್ನು ಇಟ್ಟು, ಒಂದು ಮೇಜಿನ ಕಾಗದವು ಮತ್ತೊಂದಕ್ಕೆ ಹೋಗುವುದಕ್ಕೆ ತಿಂಗಳುಗಟ್ಟಲೆ ಹಿಡಿದರೆ ಅದನ್ನು ಕೂಡಿಸುವಿಕೆಯೆಂದು ಕರೆಯಲಾಗದು. ಅದು ಒಟ್ಟಿದ ರಾಶಿ, ಕಟ್ಟಿದ ಮನೆಯಲ್ಲ.

ನಮ್ಮ ನಾಡಿನ ಕಡೆಗೆ ತಿರುಗಿದರೆ ಇದೇ ದಾರಿಯು ಕಾಣುವುದು. ಪ್ಲೇಗಿನ ಬಳಿಕ ೧೯೦೩ರಲ್ಲಿ ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಬಂದಿತು. ಆ ಪಟ್ಟಣದ ಅಗಲವಾದ ಬೀದಿಗಳ ಸೊಬಗಿನಲ್ಲಿ ಅದರ ಪಾಲು ದೊಡ್ಡದು. ಬೆಂಗಳೂರಿಗೆ ೧೯೪೫ರಲ್ಲಿ ಅಂಥದೇ ಬೋರ್ಡು ಬಂದಿತು. ೧೯೪೯ರಲ್ಲಿ ಅಲ್ಲಿಯ ಪೇಟೆ ಮತ್ತು ದಂಡು ಎಂಬ ಎರಡು ಮುನಿಸಿಪಾಲಿಟಿಗಳನ್ನು ಕೂಡಿಸಿ ಕಾರ್ಪೊರೇಶನ್ನನ್ನು ಮಾಡಿದರು. ಆದರೆ ಟ್ರಸ್ಟನ್ನು ಅದರೊಳಗೆ ಸೇರಿಸಲಿಲ್ಲ. ಮುಂಬಯಿಯು ೧೯೩೩ರಲ್ಲಿ ಇಟ್ಟ ಹೆಜ್ಜೆಯನ್ನು ಬೆಂಗಳೂರು ಇಡಲಿಲ್ಲ. ಅದರ ಟ್ರಸ್ಟು ೧೯೭೬ರಲ್ಲಿ ಅಭಿವೃದ್ಧಿ ಪ್ರಾಧಿಕಾರವಾಗಿ ಬೆಳೆಯಿತು. ೧೯೮೭ರ ಕಾಯಿದೆಯು ಉಳಿದ ನಗರಗಳಿಗೂ ಅಂಥ 'ನಗರಾಭಿವೃದ್ಧಿ ಪ್ರಾಧಿಕಾರ'ಗಳಿಗೆ ದಾರಿಮಾಡಿತು. ಪ್ರಾಧಿಕಾರವು ಬಡಾವಣೆಯನ್ನು ಹಾಕುವುದು, ನಿವೇಶನಗಳನ್ನು ಹಂಚುವುದು. ಕೆಲವು ಕಾಲದ ಮೇಲೆ ಪುರಸಭೆಗೆ ಒಪ್ಪಿಸುವುದು. ಒಪ್ಪಿಸುವುದಕ್ಕೂ ಒಪ್ಪಿಕೊಳ್ಳುವುದಕ್ಕೂ ನಡುವೆ ಇರುವ ಕಾಲದಲ್ಲಿ ಬೀದಿಯ ದೀಪವು ಯಾರದು, ಚರಂಡಿಯು ಯಾರದು ಎಂಬುದನ್ನು ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ ಯಾವ ಗೃಹಸ್ಥನನ್ನು ಕೇಳಿದರೂ ತಿಳಿಯುವುದು. ಮುಂಬಯಿಯ ಟ್ರಸ್ಟಿನ ಬೀದಿಗಳ ಕಥೆಯೇ ಇದು. ಊರು ಮಾತ್ರ ಬೇರೆ.

ಈ ಚರಿತ್ರೆಯಿಂದ ತಿಳಿಯತಕ್ಕುದೇನು? ನಗರದ ಸ್ವತ್ತನ್ನೂ ಕಟ್ಟೋಣವನ್ನೂ ಒಂದೆಡೆ ಕೂಡಿಸುವುದು ಒಳ್ಳೆಯದೇ. ಕೂಡಿಸದಿದ್ದರೆ ಹೊಣೆಯು ಸಂದಿನಲ್ಲಿ ಬಿದ್ದುಹೋಗುವುದೆಂಬುದನ್ನು ಟ್ರಸ್ಟಿನ ಕಾಲವು ತೋರಿಸಿತು. ಆದರೆ ಎಲ್ಲವನ್ನೂ ಒಂದು ಕೈಗೆ ಕೊಟ್ಟು ಆ ಕೈಯನ್ನು ಯಾರೂ ಕೇಳದಂತೆ ಮಾಡಿದರೆ ನೆಲವು ಸಮುದ್ರಕ್ಕೆ ಸೋರಿಹೋಗುವುದೆಂಬುದನ್ನು ಬ್ಯಾಕ್ ಬೇ ತೋರಿಸಿತು. ಆದುದರಿಂದ ಕೂಡಬೇಕಾದುದು ಹೊಣೆ. ಬೇರೆಯಾಗಿ ಉಳಿಯಬೇಕಾದುದು ಅಳತೆಗೋಲು. ಕಟ್ಟುವವನೇ ತನ್ನ ಕಟ್ಟಡವನ್ನು ಅಳೆಯಬಾರದು. ಅಳೆಯುವವನ ಮಾತು ಕಟ್ಟಡದಲ್ಲಿ ವಾಸಿಸುವವರ ಕಿವಿಗೆ ಬೀಳದಂತೆ ಮಾಡಬಾರದು. ಅಧಿಕಾರವು ಒಂದಾದಷ್ಟೂ ಅದು ಉತ್ತರ ಕೊಡಬೇಕಾದ ಬಾಗಿಲು ಜನರಿಗೆ ಹತ್ತಿರವಾಗಬೇಕು. ೧೯೩೩ರ ಏರ್ಪಾಡಿನ ನಿಜವಾದ ಬೆಲೆಯು ಎರಡು ಕಚೇರಿಗಳು ಒಂದಾದುದರಲ್ಲಿಲ್ಲ. ಯಾರಿಗೂ ಲೆಕ್ಕ ಒಪ್ಪಿಸದಿದ್ದ ಮಂಡಲಿಯೊಂದು, ಲೆಕ್ಕ ಒಪ್ಪಿಸಬೇಕಾದ ಸಭೆಯೊಳಗೆ ಬಂದುದರಲ್ಲಿದೆ.

ನಮ್ಮ ಸಣ್ಣ ಊರುಗಳ ಪುರಸಭೆಗಳಿಗೂ ಇದು ಸಲ್ಲುವ ಮಾತೇ. ಊರಿಗೆ ಸೇರಿದ ನೆಲವೆಷ್ಟು, ಕಟ್ಟಡಗಳೆಷ್ಟು ಎಂಬ ಒಂದು ಪಟ್ಟಿಯಿರಲಿ. ಪ್ರತಿಯೊಂದರ ಎದುರಿಗೆ ಅದನ್ನು ಕಾಪಾಡತಕ್ಕವರ ಹೆಸರು ಬರೆದಿರಲಿ. ಅದನ್ನು ಪರೀಕ್ಷಿಸಿದ ದಿನವೂ ಪರೀಕ್ಷಿಸಿದ ಬೇರೆಯವರ ಸಹಿಯೂ ಅಲ್ಲಿರಲಿ. ಆ ಪಟ್ಟಿಯನ್ನು ಯಾವ ನಾಗರಿಕನು ಹೋಗಿ ಕೇಳಿದರೂ ತೋರಿಸುವಂತಿರಲಿ. ಇಷ್ಟಕ್ಕೆ ದೊಡ್ಡ ಕಾಯಿದೆಯಾಗಲಿ ಹೊಸ ಮಂಡಲಿಯಾಗಲಿ ಬೇಕಾಗಿಲ್ಲ. ಕೇಳುವ ಅಭ್ಯಾಸವುಳ್ಳ ನಾಗರಿಕರು ಬೇಕು. ಅಂಥವರಿಲ್ಲದ ಊರಿನಲ್ಲಿ ಎಷ್ಟು ಇಲಾಖೆಗಳನ್ನು ಕೂಡಿಸಿದರೂ ಮಳೆಗಾಲವು ಬಂದಾಗ ಮಾಳಿಗೆಯು ಸೋರುವುದೇ. ನೆನೆಯುವವನು ಒಳಗೆ ಮಲಗಿದ್ದವನೇ.